ಒಂದೇ ಬಣ್ಣದ ಎರಡು ಗೆರೆಗಳು

ಇಬಾದಾನ್ ನಗರದ ಸಂತೆಯಲ್ಲಿ ಇಬಿರೋಂಕೆ ಎಂಬಾಕೆ ಟೊಮೇಟೊ ಬುಟ್ಟಿಯ ಮೇಲ್ಸಾಲನ್ನು ನೋಡುತ್ತಲೇ ಇರಲಿಲ್ಲ, ನೇರ ತಳಕ್ಕೆ ಕೈ ಹಾಕುತ್ತಿದ್ದಳು. ತಾಯಿಯ ಹಾಲನ್ನೂ ಮೂಸಿಯೇ ಕುಡಿದಿರಬೇಕು ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವುದು ಅವಳ ಕೆಲಸ. ಯಾವುದನ್ನೂ ಸುಲಭಕ್ಕೆ ನಂಬದವಳೆಂದೇ ಪಠ್ಯಪುಸ್ತಕ ಆರಿಸುವ ಹೊಣೆಯೂ ಅವಳ ಮೇಲೆ ಬಿದ್ದಿತ್ತು.

ಈ ಸಲದ ಪುಸ್ತಕವನ್ನು ಅವಳು ಮೊರದಲ್ಲಿ ಕೇರಿದಂತೆ ಕೇರಿದ್ದಳು. ಕೊನೆಯಲ್ಲಿ ಕೊಟ್ಟ ಉತ್ತರಗಳನ್ನೆಲ್ಲ ತಾನೇ ಲೆಕ್ಕ ಹಾಕಿ ನೋಡಿದ್ದಳು. ಕೆಂಪು, ನೀಲಿ ಗೆರೆಗಳ ಚಿತ್ರಗಳು ಕಣ್ಣಿಗೆ ಹಿತವಾಗಿದ್ದವು. ಆದರೆ ಅಷ್ಟು ಬೆಲೆಯ ಪುಸ್ತಕ ಕೊಳ್ಳುವವರು ಯಾರು? ಪ್ರತಿ ವರ್ಷದಂತೆ ಅವಳ ಪ್ರತಿಯೇ ಗೇಟಿನ ಬಳಿಯ ಜೆರಾಕ್ಸ್ ಅಂಗಡಿಗೆ ಹೋಯಿತು. ಇಡೀ ತರಗತಿ ಅಲ್ಲಿಂದ ಪುಟಗಳನ್ನು ಒಯ್ದಿತು.

ಮೊದಲ ಪರೀಕ್ಷೆಯಲ್ಲಿ ಪುಸ್ತಕದ ಒಂದು ಚಿತ್ರದ ಮೇಲೆ ಪ್ರಶ್ನೆ ಕೇಳಿದಳು: ನಿದ್ದೆ ಮಾಡಿದವರು, ನಿದ್ದೆಗೆಟ್ಟವರು, ಇವರಲ್ಲಿ ಯಾರಿಗೆ ಹೆಚ್ಚು ನೆನಪು ಉಳಿಯಿತು? ಎಲ್ಲರೂ ನಿದ್ದೆಗೆಟ್ಟವರಿಗೆ ಎಂದು ಬರೆದಿದ್ದರು. ಒಬ್ಬಿಬ್ಬರು ತಪ್ಪಿದರೆ ಅದು ತಪ್ಪು; ಊರಿಗೆ ಊರೇ ಒಂದೇ ತಪ್ಪು ಮಾಡಿದರೆ ಒಳಸಂಚು. ತರಗತಿಯ ಮುಂದಾಳು ದುರೋತಿಮಿಗೆ ಕರೆ ಹೋಯಿತು.

"ಪ್ರಶ್ನೆಪತ್ರಿಕೆಗೆ ಉತ್ತರ ಬರೆದು ಯಾರು ಮಾರಿದ್ರು?"

"ದೇವರಾಣೆ ಯಾರೂ ಇಲ್ಲ, ಮಾ."

"ದೇವರನ್ನ ಸಾಕ್ಷಿಗೆ ಎಳೀಬೇಡ. ಅವನು ನನ್ನ ಪರೀಕ್ಷೆ ಬರೆದಿಲ್ಲ. ಹೆಸರು ಹೇಳು, ಇಲ್ಲಾಂದ್ರೆ ವಿಚಾರಣೆ ಸಮಿತಿಗೆ ನಿನ್ನ ಹೆಸರೇ ಹೋಗುತ್ತೆ."

ಸಮಿತಿಯ ಮುಂದೆ ನಿಂತವನ ಒಂದು ವರ್ಷ ಮುಳುಗಿತೆಂದೇ ಲೆಕ್ಕ. ಹುಡುಗ ಅವಸರದಿಂದ ಹೇಳಿದ: "ಚಿತ್ರದಲ್ಲಿ ಹಾಗೇ ಇದೆಯಲ್ಲ, ಮಾ..."

"ನಿದ್ದೆಗೆಟ್ಟವರದು ಕೆಂಪು ಗೆರೆ. ಅದು ಕೆಳಗಿದೆ. ಕಣ್ಣು ಕಾಣಲ್ವಾ?"

"ಯಾವ ಕೆಂಪು, ಮಾ?"

ಎಂಥ ನಟ ಎಂದುಕೊಂಡಳು. ಅವನು ಚೀಲದಿಂದ ಮುದುರಿದ ಜೆರಾಕ್ಸ್ ಹಾಳೆ ತೆಗೆದು ಮೇಜಿನ ಮೇಲೆ ಬಿಡಿಸಿದ. ಎರಡು ಗೆರೆಗಳೂ ಕಪ್ಪು. ಪಕ್ಕದ ಚೌಕದಲ್ಲಿ 'ನಿದ್ದೆಗೆಟ್ಟವರು' ಮೇಲೆ, 'ನಿದ್ದೆ ಮಾಡಿದವರು' ಕೆಳಗೆ. ಮೇಲಿನ ಹೆಸರು ಮೇಲಿನ ಗೆರೆಯದೆಂದು ಯಾರೇ ಆದರೂ ಓದಿಕೊಳ್ಳುವಂತಿತ್ತು.

ಅವಳಿಗೆ ಅಷ್ಟು ಸಾಲಲಿಲ್ಲ. ಹೊರಗೆ ಹೋಗಿ, ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿಯೊಬ್ಬಳ ಹಾಳೆ ಕೇಳಿ ನೋಡಿದಳು. ಅದೂ ಕಪ್ಪು. ಒಳಗೆ ಬಂದು, ಸಮಿತಿಗೆಂದು ಬರೆದಿಟ್ಟಿದ್ದ ದೂರನ್ನು ಹರಿದಳು.

"ಹೋಗು. ಊಟ ಮಾಡು."

ಹೊಸ ಪುಸ್ತಕವನ್ನು ಆರಿಸುವ ಮುಂಚೆ ಅದರ ಪುಟಗಳನ್ನು ಜೆರಾಕ್ಸ್ ಮಾಡಿಸಿಯೇ ಓದಿದಳು. ಅದರಲ್ಲಿ ಒಂದು ಗೆರೆ ಅಖಂಡ, ಇನ್ನೊಂದು ಚುಕ್ಕಿಚುಕ್ಕಿ. ತರಗತಿಗೆ ಹೇಳಿದಳು: "ತಪ್ಪು ನಂದು. ಆ ಪ್ರಶ್ನೆಗೆ ಎಲ್ಲರಿಗೂ ಅಂಕ. ಪುಸ್ತಕ ಬದಲಾಯ್ತು."

ಹಿಂದಿನ ಬೆಂಚಿನಿಂದ ಪಿಸುಮಾತು ಬಂತು: "ನಡುವರ್ಷದಲ್ಲಿ ಪುಸ್ತಕ ಬದಲಾಯ್ಸ್ತಾರೆ ಅಂದ್ರೆ ಪುಸ್ತಕದ ಕಂಪನಿಯೋರು ಏನೋ ಮುಟ್ಟಿಸಿರ್ಬೇಕು ಕಣೋ."

"ಬಾಯ್ಮುಚ್ಚೋ" ಎಂದ ದುರೋತಿಮಿ.

"ಬಿಡು, ಕೇಳ್ಲಿ" ಎಂದಳು ಇಬಿರೋಂಕೆ. "ಎದ್ದು ನಿಂತು ಕೇಳಪ್ಪ."

ಹುಡುಗ ಎದ್ದ. "ಏನು ಕೊಟ್ರು, ಮಾ?"

"ಏನೂ ಇಲ್ಲ."

ಎಷ್ಟು ಬಡಕಲಾಗಿ ಕೇಳಿಸಿತು ಆ ಮಾತು! ಮೇಜಿನ ಮೇಲೆ ಬಿಡಿಸಿ ತೋರಿಸಲು ಅವಳ ಬಳಿ ಯಾವ ಹಾಳೆಯೂ ಇರಲಿಲ್ಲ. ಹುಡುಗ ಅವಳ ಮುಖ ನೋಡಿ ಕೂತ. ನಂಬಿದನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ.