ಬಾತಿಗೆ ಬಂದ ಹರಿಹರ

ಮೊಬೈಲ್ ಕಂಪನಿಯಲ್ಲಿ ನನ್ನದು ಮಾತು ಹೊಸೆಯುವ ಕೆಲಸ. ಬೆಂಗಳೂರಿನ ಕಚೇರಿಯಲ್ಲಿ ಕೂತು ಸರ್ಕಾರದ ದೂರಸಂಪರ್ಕ ನೀತಿಯ ಕರಡಿಗೆ ಕಂಪನಿಯ ಪರವಾಗಿ ಉತ್ತರ ಬರೆದವನೂ ನಾನೇ. ಅದರಲ್ಲಿ ‘ಕಟ್ಟಕಡೆಯ ಮನುಷ್ಯನಿಗೂ ದನಿ’ ಎಂದು ಬರೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಆ ಮನುಷ್ಯ ಎಲ್ಲಿರುತ್ತಾನೆಂದು ಯಾರೂ ಕೇಳಲಿಲ್ಲ, ಸದ್ಯ.

ತೊಂಬತ್ತರ ದಶಕದ ಕೊನೆಗೆ ಕಂಪನಿ ದಾವಣಗೆರೆಗೆ ಬಂತು. ಆ ಕಡೆಯವನೆಂದು ಪ್ರಚಾರದ ಹೊಣೆ ನನ್ನ ಹೆಗಲಿಗೇ ಬಿತ್ತು. ಪರವಾನಗಿಯ ಪ್ರಕಾರ ಜಿಲ್ಲಾ ಕೇಂದ್ರಕ್ಕೆ ಸಿಗ್ನಲ್ ಕೊಟ್ಟರೆ ಸಾಕಿತ್ತು. ಆದರೆ ಬರೀ ದಾವಣಗೆರೆ ಎಂದರೆ ಜಾಹೀರಾತು ಬೋಳುಬೋಳಾಗಿ ಕಂಡಿತು. ಪಕ್ಕದಲ್ಲಿ ಹರಿಹರವನ್ನೂ ಸೇರಿಸಿದೆ. ಅಚ್ಚಾದ ಮೇಲೆ ಎಂಜಿನಿಯರು ಓಡಿಬಂದರು.

“ಸಾರ್, ನಡುದಾರಿ ಬಾತಿ ಹಳ್ಳಿ ದಾಟಿದ್ರೆ ಸಿಗ್ನಲ್ಲೇ ಇಲ್ರಿ. ಹರಿಹರ ಅಂತ ಯಾಕ ಬರದ್ರಿ?”

“ಉದ್ಘಾಟನೆ ದಿನ ಹರಿಹರಾನೇ ಬಾತಿಗೆ ತಂದ್ರಾಯ್ತು ಬಿಡ್ರಿ,” ಎಂದೆ.

ಹಾಗೆ ತಂದ ಹರಿಹರವೆಂದರೆ ನನ್ನ ಚಿಕ್ಕಮ್ಮ. ಅವಳ ಮಗಳು ಸೊಲ್ಲಾಪುರದ ಗಂಡನ ಮನೆಯಲ್ಲಿ ತುಂಬು ಬಸುರಿ. ಅಲ್ಲಿಂದ ಫೋನ್ ಬಂದಾಗಲೆಲ್ಲ ಎದುರುಮನೆಯವರು ಕೂಗಿ ಕರೆಯಬೇಕು, ಇವಳು ಅವರ ಪಡಸಾಲೆಯಲ್ಲಿ ನಿಂತು ಮಾತಾಡಬೇಕು, ಅವರು ಟಿ.ವಿ. ಸದ್ದು ತಗ್ಗಿಸಿ ಕೇಳಿಸಿಕೊಳ್ಳಬೇಕು. ಮೊಮ್ಮಗುವಿನ ಸುದ್ದಿಯನ್ನಾದರೂ ತನ್ನದೇ ಫೋನಿನಲ್ಲಿ ಕೇಳಬೇಕೆಂಬುದು ಅವಳ ಆಸೆ. ‘ಹರಿಹರದ ಮೊದಲ ಗ್ರಾಹಕಿ’ ಎಂದು ಮೊಬೈಲ್ ಸೆಟ್ ಕೊಡಿಸಿದೆ.

ಉದ್ಘಾಟನೆಯ ದಿನ ಅವಳನ್ನು ಬಾತಿಯ ರಸ್ತೆಬದಿಯ ಹುಣಸೆಮರದಡಿ, ಕುರ್ಚಿ ಹಾಕಿ ಕೂರಿಸಿದೆವು. ರೇಷ್ಮೆ ಸೀರೆ ಉಟ್ಟಿದ್ದಳು. ಸೆಟ್ಟಿಗೂ ಕುಂಕುಮ ಹಚ್ಚಿದ್ದಳು. ದಾವಣಗೆರೆಯ ಸಭಾಂಗಣದಿಂದ ನಮ್ಮ ಸಾಹೇಬರು ಫೋನ್ ಮಾಡಿ “ಹರಿಹರ ಹೇಗಿದೆ?” ಎಂದು ಕೇಳಿದರು. “ಹರಿಹರದಾಗೆ ಎಲ್ಲಾ ಚಲೋ ಐತ್ರಿ,” ಎಂದು ನಾನು ಬರೆದುಕೊಟ್ಟಿದ್ದನ್ನು ಚಿಕ್ಕಮ್ಮ ಒಪ್ಪಿಸಿದಳು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆಯಂತೆ.

ವಾರದೊಳಗೆ ಹರಿಹರಕ್ಕೂ ಟವರ್ ಬರುತ್ತದೆಂದು ಅವಳಿಗೆ ಹೇಳಿದೆ. ಅವಳು ನಂಬಿ, “ಇನ್ಮ್ಯಾಲೆ ನಿಮಗೆ ತ್ರಾಸು ಬ್ಯಾಡ್ರಿ,” ಎಂದು ಎದುರುಮನೆಯವರಿಗೆ ಸಾರಿಬಂದಳು. ಸೊಲ್ಲಾಪುರಕ್ಕೂ ಹೊಸ ನಂಬರನ್ನೇ ಕೊಟ್ಟಳು.

ಟವರ್ ಬರಲಿಲ್ಲ. ಎರಡು ವಾರದ ಮೇಲೆ ಜೀಪಿನಲ್ಲಿ ಹೋಗುವಾಗ ನೋಡುತ್ತೇನೆ, ಅದೇ ಹುಣಸೆಮರದಡಿ ಚಿಕ್ಕಮ್ಮ! ಪಕ್ಕದಲ್ಲಿ ಬುತ್ತಿಗಂಟು, ಮಡಿಲಲ್ಲಿ ಸೆಟ್. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆ ವಾಪಸಾಗುತ್ತಿದ್ದಳಂತೆ. ನಿಟ್ಟುವಳ್ಳಿಯ ಅಕ್ಕನಿಗೆ ಹುಷಾರಿಲ್ಲವೆಂದು ಎದುರುಮನೆಯವರಿಗೆ ಹೇಳಿದ್ದಳು. ಆ ಅಕ್ಕ ನನ್ನ ತಾಯಿ, ಗಟ್ಟಿಮುಟ್ಟಾಗಿದ್ದಳು.

“ನನಗೊಂದು ಮಾತು ಹೇಳಬಾರದಿತ್ತಾ, ಚಿಕ್ಕಮ್ಮ?”

“ನೀನು ಪೇಪರ್‌ನಾಗೆ ಹರಿಹರ ಅಂತ ಬರ್ದೀಯಲ್ಲಪ್ಪ. ನಾನು ಬಾಯಿ ಬಿಟ್ರೆ ನಿನ್ನ ಮರ್ಯಾದೆ ಏನಾಗಬೇಕು? ಕೂಡು, ರೊಟ್ಟಿ ತಿನ್ನು.”

ನಾಚಿಕೆಯಾಯಿತು. ಕೂತೆ.

ಮೊದಲ ತುತ್ತು ಬಾಯಿಗಿಡುವಾಗ ಫೋನ್ ಬಂತು. ಸೊಲ್ಲಾಪುರದ ಅಳಿಯ. ಚಿಕ್ಕಮ್ಮ ಸೆರಗು ಹೊದ್ದು ಎದ್ದು ನಿಂತಳು. “ಹೆಣ್ಣು ಕೂಸಾ? ಇಬ್ರೂ ಆರಾಮದಾರಾ?” ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಒಂದು ಲಾರಿ ಹಾರ್ನ್ ಬಾರಿಸುತ್ತ ಹಾದುಹೋಯಿತು. ಎಲ್ಲಿದ್ದೀರಿ ಎಂದು ಅಳಿಯ ಕೇಳಿರಬೇಕು. ಅವಳು ನನ್ನ ಮುಖ ನೋಡಿದಳು.

“ಹರಿಹರದಾಗೆ, ಮನ್ಯಾಗೇ ಅದೀನ್ರಿ. ಓಣ್ಯಾಗ ಲಾರಿ ಬಂದೈತೆ. ನಮ್ಮ ಹುಡುಗನ ಫೋನು ಎಷ್ಟು ಚಲೋ ಕೇಳ್ತೈತೆ ನೋಡ್ರಿ!”

ಅದನ್ನು ನಾನು ಬರೆದುಕೊಟ್ಟಿರಲಿಲ್ಲ.