ಕಿವಿ ಪರೀಕ್ಷೆಯಲ್ಲಿ ಊರನ್ನೆಲ್ಲ ಪಾಸು ಮಾಡಿಸಿದ್ದು

ನನ್ನ ಕಿವಿ ಮೊದಲ ಸಲ ಕೈಕೊಟ್ಟಿದ್ದು ಐದು ವರ್ಷದ ಹಿಂದೆ, ಔರಾದದ ಭಕ್ತರೊಬ್ಬರ ಮನೆಯಲ್ಲಿ, ದೀಕ್ಷೆ ಕೊಡುವಾಗ. ನಾವು ಐನೋರು. ಭಕ್ತರ ಮಕ್ಕಳ ಕಿವಿಯಲ್ಲಿ ಮಂತ್ರ ಹೇಳುವುದು ಅಜ್ಜನ ಕಾಲದಿಂದ ಬಂದ ಕೆಲಸ. ಹೇಳಿದೆ. ದೀಕ್ಷೆಗೆ ಕೂತ ಹುಡುಗಿ ಅದನ್ನು ನನ್ನ ಕಿವಿಯಲ್ಲಿ ತಿರುಗಿ ಹೇಳಬೇಕು. ಬಿಸಿ ಉಸಿರು ತಾಗಿತು.

ಮಾತು ಕೇಳಲಿಲ್ಲ.

"ಬರೋಬ್ಬರಿ ಹೇಳಿದಿ," ಅಂದುಬಿಟ್ಟೆ. ಆಕೆ ಮಂತ್ರ ಹೇಳಿದಳೋ, ಊಟಕ್ಕೆ ಎಷ್ಟು ಹೊತ್ತು ಅಂತ ಕೇಳಿದಳೋ, ಶಿವನಿಗೇ ಗೊತ್ತು.

ಕಿವುಡ ಐನೋರನ್ನು ದೀಕ್ಷೆಗೆ ಯಾರು ಕರೆಯುತ್ತಾರೆ? ಯಾರೂ ಕರೆಯದಿದ್ದರೆ ನಾನು ಯಾರು? ಈ ಹೆದರಿಕೆಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಹೆಂಡತಿಗೆ ಮಾತ್ರ, ನೀನು ಇತ್ತೀಚೆಗೆ ಗುಣುಗುಣು ಮಾತಾಡುತ್ತೀ ಅಂದೆ. ಆಕೆ ಏನೋ ಅಂದಳು. ಮುಖ ನೋಡಿದರೆ, ಕೇಳದಿದ್ದದ್ದೇ ಒಳ್ಳೆಯದಾಯಿತು.

ಹೋದ ತಿಂಗಳು ಗಡಿಯಲ್ಲಿರುವ ನಮ್ಮೂರು ಕಾಸಾರಶಿರಸಿಯ ಶಾಲೆಗೆ ಪರದೇಶದಿಂದ ಕಿವಿ ಡಾಕ್ಟರರ ತಂಡ ಬಂತು. ಎರಡು ದಿನದ ಕ್ಯಾಂಪ್. ಟೆಸ್ಟೂ ಪುಕ್ಕಟೆ, ಹಿಯರಿಂಗ್ ಏಡೂ ಪುಕ್ಕಟೆ. ತಂಡದ ಡಾಕ್ಟರಮ್ಮನಿಗೆ, ಮರಾಠಿ ರೂಢಿಯಂತೆ ನಾವು ಡಾಕ್ಟರ್ ಬಾಯಿ ಅನ್ನುತ್ತಿದ್ದವರಿಗೆ, ಮರಾಠಿ ಬರುತ್ತಿತ್ತು, ಕನ್ನಡ ಇಲ್ಲ. ನಮ್ಮ ಮುದುಕಿಯರಿಗೆ ಕನ್ನಡ ಬಿಟ್ಟರೆ ಬೇರೆ ಸರಿಯಾಗಿ ಬಾರದು. ನಡುವೆ ಮಾತು ದಾಟಿಸಲು ಜನ ಬೇಕಿತ್ತು. ನಾನೇ ಮುಂದೆ ಬಿದ್ದು ಹೆಸರು ಕೊಟ್ಟೆ. ನಗಬ್ಯಾಡ್ರಿ. ಕಿವಿ ಕ್ಯಾಂಪಿನಲ್ಲಿ ಸೇವೆ ಮಾಡುವವನ ಕಿವಿಯ ಮೇಲೆ ಯಾರಿಗೆ ಅನುಮಾನ ಬಂದೀತು ಅಂತ ನನ್ನ ಲೆಕ್ಕ.

ಆದರೆ ಬೆಳಿಗ್ಗೆ ಮೊದಲು ಸೇವೆಗೆ ಬಂದ ನಮಗೇ ಆಡಿಯೋಮೆಟ್ರಿ, ಅಂದರೆ ಕಿವಿ ಪರೀಕ್ಷೆ! ಹೆಡ್‌ಫೋನ್ ಹಾಕಿ ಕೂರಿಸಿದರು. ಬೀಪ್ ಕೇಳಿದರೆ ಕೈ ಎತ್ತಬೇಕು. ನಾನು ಡಾಕ್ಟರ್ ಬಾಯಿಯ ಬೆರಳು ನೋಡಿದೆ. ಬೆರಳು ಗುಂಡಿ ಒತ್ತಿದಾಗಲೆಲ್ಲ ಕೈ ಎತ್ತಿದೆ. ಆಕೆ ಖುಷಿಯಿಂದ ಹೆಬ್ಬೆರಳು ತೋರಿಸಿದರು.

ಆಮೇಲೆ ಪೇಶೆಂಟುಗಳು. ಹೇಳಬೇಕಾದ್ದು ದಿನವಿಡೀ ಒಂದೇ ಮಾತು: ಸಪ್ಪಳ ಬಂದ್ರ ಕೈ ಎತ್ರಿ. ಇದಕ್ಕೆ ಕಿವಿ ಬೇಕಿಲ್ಲ, ಬಾಯಿ ಸಾಕು. ಮೊದಲು ಕೂತವಳು ನಮ್ಮ ಹಳೆಯ ಭಕ್ತೆ ಬಸಮ್ಮ. ಒಕ್ಕಲುತನದ ದೊಡ್ಡ ಮನೆಯ ಹಿರಿಯಳು. ತನಗೂ ಕೇಳದು, ಹಾಗಾಗಿ ಒದರಿಯೇ ಮಾತಾಡುತ್ತಾಳೆ. ನನಗದು ಅನುಕೂಲ.

"ಐನೋರ, ಪರೀಕ್ಷಾದಾಗ ಫೇಲ್ ಆದ್ರ ಹ್ಯಾಂಗ್ರಿ? ಪರದೇಶದ ಮಂದಿ ಮುಂದ ಮರ್ಯಾದಿ ಹೋಗ್ತದ!"

ನನ್ನದೇ ಹೆದರಿಕೆ! ನಾನೂ ಒದರಿದೆ: "ನನ್ನ ಹುಬ್ಬು ನೋಡು ಯವ್ವಾ. ಅದು ಏರಿದಾಗ ಕೈ ಎತ್ತು."

ಬೆರಳು ಒತ್ತಿತು, ಹುಬ್ಬು ಏರಿತು, ಕೈ ಎದ್ದಿತು. ಅದೂ ಎರಡೂ ಕೈ, ಜೋಡಿಸಿ! ಐನೋರ ಮುಂದೆ ಒಂದೇ ಕೈ ಎತ್ತುವುದು ಹೇಗೆ? ಎರಡೂ ಕಿವಿಯಲ್ಲಿ ಕೇಳಿತೆಂದು ತಿಳಿದರೋ ಏನೋ, ಡಾಕ್ಟರ್ ಬಾಯಿ ಅದನ್ನೂ ಬರೆದುಕೊಂಡರು.

ಐನೋರ ಎದುರು ಕೂತರೆ ಪಾಸು ಎಂಬ ಸುದ್ದಿ ಹಬ್ಬಿತು. ಮಧ್ಯಾಹ್ನದೊಳಗೆ ಊರೇ ನಾರ್ಮಲ್. ಪಾಪ, ಡಾಕ್ಟರ್ ಬಾಯಿ ಮಷಿನ್ನು ಬಿಚ್ಚಿ ಮತ್ತೆ ಮತ್ತೆ ವೈರು ನೋಡುತ್ತಿದ್ದರು.

ಆಗ ಕಿಟಕಿಯಿಂದ ನೋಡಿದೆ. ಬಸಮ್ಮ ಗೇಟಿನ ಹೊರಗೆ ನಡುರಸ್ತೆಯಲ್ಲಿ ಹೊರಟಿದ್ದಾಳೆ. ಹಿಂದೆ ಟೆಂಪೋ. ಡ್ರೈವರ್ ಹಾರ್ನಿನ ಮೇಲೆ ಅಂಗೈ ಊರಿಕೊಂಡೇ ಇದ್ದಾನೆ. ಆಕೆ ತಿರುಗಲಿಲ್ಲ. ನನಗೂ ಕೇಳಲಿಲ್ಲ. ಆಕೆಯ ಸೊಸೆ ಓಡಿ ಬಂದು ಸೆರಗು ಹಿಡಿದು ಎಳೆದಳು.

ನಾನು ಪಾಸು ಮಾಡಿಸಿದ ಬಸಮ್ಮ ಗಾಲಿಯ ಕೆಳಗೆ ಹೋಗಿಬಿಡುತ್ತಿದ್ದಳು.

ಮರುದಿನ ಸಂಜೆ ತಂಡ ಹೊರಡುತ್ತದೆ. ನಾರ್ಮಲ್ ಎಂದು ಬರೆಸಿಕೊಂಡವರಿಗೆ ಏಡ್ ಇಲ್ಲ. ನಿಜ ಹೇಳಿದರೆ ನನ್ನ ಐನೋರತನ ಅಲ್ಲಿಗೆ ಮುಗಿಯಿತು. ಗೋಡೆಗೆ ಒರಗಿ ನಿಂತೆ. ನಾಚಿಕೆಯಿಂದ ಸತ್ತೇ ಹೋಗಬೇಕು ಅನ್ನಿಸಿತು. ಆಮೇಲೆ ಹೋಗಿ ಡಾಕ್ಟರ್ ಬಾಯಿಯ ಮುಂದೆ ನಿಂತು, ನಾನು ಕಿವುಡ ಅಂತ ಮರಾಠಿಯಲ್ಲಿ ಹೇಳಿದೆ. ಬೆರಳಿನ ಸಂಗತಿ, ಹುಬ್ಬಿನ ಸಂಗತಿ, ಎಲ್ಲ. ಗುಟ್ಟಾಗಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಡಾಕ್ಟರ್ ಬಾಯಿ ಮೊದಲು ಕೆಂಪಾದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ, "ಕಾಕಾ, ಸಗಳ್ಯಾಂಚೀ ಟೆಸ್ಟ್ ಪರತ!" ಎಂದು ಕೂಗಿ, ಎಲ್ಲರನ್ನೂ ಮತ್ತೆ ಪರೀಕ್ಷೆಗೆ ಕರೆಸಿದರು. ನನಗೂ ಹೆಡ್‌ಫೋನ್ ಹಾಕಿ, ಈ ಸಲ ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ಗೋಡೆಯ ಮೇಲೆ ಮಕ್ಕಳ ಮಗ್ಗಿ ಬರೆದಿತ್ತು. ಎರಡರಿಂದ ಹತ್ತರವರೆಗೆ ಓದಿ ಮುಗಿಸಿದೆ.

ಕೈ ತೊಡೆಯ ಮೇಲೇ ಇತ್ತು.

ಮರುದಿನ ನನಗೂ ಬಸಮ್ಮನಿಗೂ ಒಂದೇ ಬೆಂಚಿನ ಮೇಲೆ ಏಡ್ ಹಾಕಿದರು. ಯಪ್ಪಾ, ಈ ಫ್ಯಾನು ಇಷ್ಟು ಗದ್ದಲ ಮಾಡುತ್ತದೆಯೇ! ತಪ್ಪಾಯಿತು ಅಂತ ಆಕೆಗೆ ಕೈಮುಗಿದೆ. "ಸೋಮವಾರ ನಿನ್ನ ಮೊಮ್ಮಗಳ ದೀಕ್ಷಾಕ ಬ್ಯಾರೆ ಐನೋರಿಗೆ ಕರಿ ಯವ್ವಾ. ನಾ ಕಿವುಡ ಅಂತ ಎಲ್ಲಾರಿಗೂ ಗೊತ್ತಾಯ್ತು."

ಬಸಮ್ಮ ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದಳು.

"ಈಗ ಗೊತ್ತಾಯ್ತೇನ್ರಿ? ನಾಕ್ ವರ್ಷದಿಂದ ಊರಿಗೆಲ್ಲಾ ಗೊತ್ತದ. ನಿಮ್ಮ ಮನಸಿಗಿ ಹತ್ತಬಾರದಂತ ನಾವೇ ಮನ್ಯಾಗ ಹುಡುಗರಿಗಿ ಮೊದಲ ಮಂತ್ರ ಬಾಯಿಪಾಠ ಮಾಡ್ಸಿ ನಿಮ್ಮ ಮುಂದ ಕುಂದ್ರಸ್ತೀವಿ. ಸೋಮವಾರ ಲಗೂನ ಬರ್ರಿ."

ಬರುತ್ತೇನೆ ಅನ್ನಲು ಹೋದೆ, ಅಳು ಬಂತು. ನಾನು ಬಿಕ್ಕುವುದು ನನಗೇ ಕೇಳಿಸಿತು.