ಮೆಹಂದಿ ಹಚ್ಚಿದ ಕೈಗಳ ತಪಾಸಣೆ

ನಮ್ಮ ಕುಂದಗೋಳದ ಸೇವಾ ಕ್ಲಬ್ಬಿಗೆ ಒಂದು ಕಾಲಕ್ಕೆ ಬೆಂಚುಗಳ ಹುಚ್ಚು ಹಿಡಿದಿತ್ತು. ಬಸ್ ನಿಲ್ದಾಣ, ಆಸ್ಪತ್ರೆಯ ಅಂಗಳ, ಕೆರೆಯ ದಂಡೆ, ಎಲ್ಲೆಂದರಲ್ಲಿ ಸಿಮೆಂಟಿನ ಬೆಂಚು. ಬೆನ್ನು ತಾಗುವ ಜಾಗದಲ್ಲಿ ದಾನಿಗಳ ಹೆಸರು. ಜನ ಕೂತರೆ ಹೆಸರು ಮುಚ್ಚಿಹೋಗುತ್ತದೆ ಎಂದು ನಮ್ಮ ಮಾಜಿ ಅಧ್ಯಕ್ಷರಿಗೆ ನಿಜವಾಗಿಯೂ ಬೇಜಾರಿತ್ತು. ನಾನು ಅಧ್ಯಕ್ಷಳಾದ ವರ್ಷ ಮೊದಲ ಸಭೆಯಲ್ಲೇ ಹೇಳಿಬಿಟ್ಟೆ: "ಇನ್ನೊಂದ ಬೆಂಚ್ ಹಾಕಿಸಿದ್ರ ನಾ ಅದರ ಮ್ಯಾಲ ಮಲಗಿ ಸತ್ಯಾಗ್ರಹ ಮಾಡ್ತೇನಿ ನೋಡ್ರಿ." ನನಗೆ ಸಿಟ್ಟು ಬೇಗ ಬರುತ್ತದೆ. ಔಷಧದ ಅಂಗಡಿ ಇಟ್ಟವಳು; ವೈದ್ಯರ ಅಕ್ಷರ ಓದಿ ಓದಿ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿದೆ.

ಬೆಂಚು ಬೇಡವೆಂದ ಮೇಲೆ ಬೇರೆ ಏನಾದರೂ ಮಾಡಿ ತೋರಿಸಬೇಕಲ್ಲ. ನಮ್ಮ ಮೇಲಿನ ಸಂಸ್ಥೆಯಿಂದ ದೊಡ್ಡ ಅನುದಾನ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಅದಕ್ಕೆ ಮೊದಲು ಕ್ಲಬ್ಬೇ ಅರ್ಹವಾಗಬೇಕು. ಇಬ್ಬರು ಸದಸ್ಯರು ಹುಬ್ಬಳ್ಳಿಗೆ ಹೋಗಿ ದಿನವಿಡೀ ತರಬೇತಿಯಲ್ಲಿ ಕೂತು, ನಿಯಮಗಳನ್ನೆಲ್ಲ ಪಾಲಿಸುತ್ತೇವೆಂದು ಕರಾರಿಗೆ ಸಹಿ ಹಾಕಬೇಕು. ನಾನು ಮತ್ತು ಬೆಂಚಿನ ಸಾಹೇಬರು ಹೋದೆವು. ಬೆಂಚಿನ ಸಾಹೇಬರೆಂದರೆ ಅದೇ ಮಾಜಿ ಅಧ್ಯಕ್ಷರು. ಈ ಹೆಸರು ನಾನಿಟ್ಟದ್ದು, ಅವರ ಎದುರಿಗೆ ಕರೆಯುವುದಿಲ್ಲ. ಉಪ್ಪಿಟ್ಟು ತಿಂದ ಮೇಲೆ ನಿದ್ದೆಗೆ ಜಾರಿದವರು ಸಹಿ ಹಾಕಲು ಒಮ್ಮೆ, ಫೋಟೋಕ್ಕೆ ಒಮ್ಮೆ ಎದ್ದರು. ನಾನು ಮಾತ್ರ ಎಲ್ಲ ಬರೆದುಕೊಂಡೆ. ಯೋಜನೆ ನೀವು ಆರಿಸಬೇಡಿ, ಮೊದಲು ಜನರನ್ನು ಕೇಳಿ. ನೀವು ಕೈಬಿಟ್ಟ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ, ಹೇಳಿ. ಬೇರೆ ದೇಶದ ಕ್ಲಬ್ಬೊಂದನ್ನು ಜೊತೆಗೆ ತನ್ನಿ. ಕೊನೆಗೆ, ಒಳ್ಳೆಯದಾಯಿತು ಎಂದರೆ ಸಾಲದು, ಎಷ್ಟು ಒಳ್ಳೆಯದಾಯಿತು ಎಂದು ಅಂಕಿಯಲ್ಲಿ ತೋರಿಸಿ.

ಜನರನ್ನು ಕೇಳಲು ಯರಗುಪ್ಪಿ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯನ್ನು ಆರಿಸಿಕೊಂಡೆವು. ಪ್ರಶ್ನೆಗಳನ್ನು ಬೆಂಚಿನ ಸಾಹೇಬರು ಬರೆದರು. ನಿಮಗೆ ಹೊಲಿಗೆ ಯಂತ್ರ ಬೇಕೆ? ನೀರಿನ ಯಂತ್ರ ಬೇಕೆ? ಬೆಂಚು ಬೇಕೆ? ಎಲ್ಲ 'ಬೇಕೆ'ಗಳೇ. ನನಗೆ ತಡೆಯಲಾಗಲಿಲ್ಲ. ಅಚ್ಚಿಗೆ ಕೊಡುವ ಮುಂಚೆ ಕೊನೆಯಲ್ಲಿ ನನ್ನದೊಂದು ಸೇರಿಸಿದೆ: ನಿಮ್ಮೂರಿಗೆ ದೋಣಿ ಬೇಕೆ?

ಎರೆಭೂಮಿಯ ಊರು, ಹೊಳೆ ಇಲ್ಲ. ಊರ ಕೆರೆಯಲ್ಲಿ ವರ್ಷದ ಅರ್ಧ ಕಾಲ ಎಮ್ಮೆಯ ಮೊಣಕಾಲೂ ಮುಳುಗುವುದಿಲ್ಲ. ಮೂವರು ಸದಸ್ಯರು ಕಾರಿನಲ್ಲಿ ಹೋಗಿ ಮನೆಮನೆಯಲ್ಲಿ ಚಹಾ ಕುಡಿದು ಬಂದರು. ಹಾಳೆ ತಿರುವಿ ನೋಡಿದರೆ ಊರಿಗೆ ಊರೇ ದೋಣಿ ಬೇಕು ಎಂದಿತ್ತು. ಮರುವಾರ ನಾನೇ ಹೋಗಿ ಒಬ್ಬ ಹಿರಿಯರನ್ನು ಕೇಳಿದೆ, ದೋಣಿ ಏನು ಮಾಡುತ್ತೀರಿ ಎಂದು. ಅವರು ನನ್ನನ್ನೇ ಬೆಪ್ಪಳಂತೆ ನೋಡಿದರು. "ದೊಡ್ಡ ಮಂದಿ ಬಿಸಲಾಗ ಇಷ್ಟ ದೂರ ಬಂದ ಕೇಳ್ಯಾರ. ಮನಿಗೆ ಬಂದಾವ್ರಿಗೆ ಬ್ಯಾಡ ಅಂತ ಹೆಂಗ ಅನ್ನೂದ್ರಿ?" ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕಿತ್ತು, ಇಟ್ಟುಕೊಳ್ಳಲಿಲ್ಲ.

ನಿಜವಾದ ಉತ್ತರ ಸಿಕ್ಕಿದ್ದು ನನ್ನ ಅಂಗಡಿಯಲ್ಲೇ. ಅದೇ ಹಳ್ಳಿಯ, ಎಲ್ಲರೂ ಚಾಚಿ ಎಂದೇ ಕರೆಯುವ ಮುಸ್ಲಿಂ ಅಜ್ಜಿಯೊಬ್ಬಳು ಸುಗ್ಗಿಯ ದಿನಗಳಲ್ಲಿ ಕೈಗೆ ಹಚ್ಚುವ ಮುಲಾಮು ಒಯ್ಯಲು ಬರುತ್ತಿದ್ದಳು. ವರ್ಷಗಟ್ಟಲೆ ಕೊಟ್ಟಿದ್ದೇನೆ, ಒಂದು ದಿನವೂ ಯಾಕೆ ಎಂದು ಕೇಳಿರಲಿಲ್ಲ. ತರಬೇತಿಯ ಅಮಲು ಇನ್ನೂ ಇಳಿದಿರಲಿಲ್ಲವಾದ್ದರಿಂದ ಆ ದಿನ ಕೇಳಿದೆ. ಚಾಚಿ ಅಂಗೈ ಚಾಚಿದಳು. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು.

"ಮೆಣಸಿನಕಾಯಿ ತೊಟ್ಟ ಬಿಡಸ್ತೀವಲ್ರಿ ಅಕ್ಕಾರ. ದಿನಾ ಪೂರ್ತಿ ಅದ. ಎಷ್ಟ ತೊಳದ್ರೂ ಖಾರ ಹೋಗೂದಿಲ್ಲ. ಕೈ ಉರೀತದ, ಅದೇನ್ ಇರ್ಲಿ. ಮೊಮ್ಮಗಳನ್ನ ಮುಟ್ಟಾಕ ಬರೂದಿಲ್ರಿ. ಸಣ್ಣಾಕಿ ಇದ್ದಾಗ ಒಮ್ಮಿ ಮುಖಾ ಒರಿಸಿದ್ದೆ, ಹೊತ್ತ ಮುಣಗೂತನಾ ಅತ್ತಳು. ಈಗ ನಾ ಕೈ ಎತ್ತಿದ್ರ ಸಾಕು, ಮಾರಿ ತಿರುವತಾಳ."

ಹೇಳುತ್ತ ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಮುಲಾಮು ಮಾರಿದ ನನ್ನ ಮೇಲೆಯೇ ಸಿಟ್ಟು ಬಂತು.

ಹೀಗೆ ನಮ್ಮ ಯೋಜನೆ ಹುಟ್ಟಿತು: ತೊಟ್ಟು ಬಿಡಿಸುವ ಒಂದು ಯಂತ್ರ, ಅದಕ್ಕೊಂದು ನೆರಳು. ಚಾಚಿಯ ಜೊತೆ ಕೂತು ಕೆಲಸ ಮಾಡುವ ಹೆಂಗಸರದು ಒಂದು ಗುಂಪೇ ಇತ್ತು. ಪಕ್ಕದ ಮನೆಯ ಗೌಡ್ತಿ ತಮ್ಮ ಹಳೆಯ ಎತ್ತಿನ ಕೊಟ್ಟಿಗೆಯನ್ನು ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟರು. ಯಂತ್ರ ಕೆಟ್ಟರೆ ಸರಿಮಾಡಲು ಚಾಚಿಯ ಸೊಸೆ ಕಲಿಯುತ್ತೇನೆಂದಳು. ದೂರದ ದೇಶದ ಕ್ಲಬ್ಬೊಂದು ಜೊತೆ ಬರಲು ಒಪ್ಪಿತು. ಅವರಿಗೆ ಖಾರ ತಿಂದು ಗೊತ್ತಿಲ್ಲದಿದ್ದರೂ ಮೊಮ್ಮಕ್ಕಳು ಇದ್ದರು. ಉಳಿದದ್ದು ಒಂದೇ. ಜಿಲ್ಲಾ ಸಮಿತಿಯ ಹಿರಿಯರೊಬ್ಬರು ಕಣ್ಣಾರೆ ಕಂಡು, ಇಲ್ಲಿ ಅಗತ್ಯವಿದೆ ಎಂದು ಬರೆಯಬೇಕು.

ಅಲ್ಲಿ ನಾನೊಂದು ದೊಡ್ಡ ತಪ್ಪು ಮಾಡಿದೆ. ಫೋನು ಮಾಡಿ ಚಾಚಿಗೆ ಹೇಳಿದೆ: "ದೊಡ್ಡ ಸಾಹೇಬ್ರು ಬರಾಕತ್ತಾರ. ಎಲ್ಲಾ ಚಲೋ ಇರ್ಲಿ."

ಎಲ್ಲಾ ಚಲೋ ಇತ್ತು. ಅಗದಿ ಚಲೋ ಇತ್ತು! ಕಾರು ಇಳಿದು ನೋಡುತ್ತೇನೆ, ಸುಗ್ಗಿಯಲ್ಲಿ ಕೆಂಪಗೆ ರಾಶಿ ಬಿದ್ದಿರುವ ಚಾಚಿಯ ಅಂಗಳ ಸಾರಿಸಿಕೊಂಡು ರಂಗೋಲಿ ಹೊತ್ತು ನಿಂತಿದೆ. ಸಾಹೇಬರಿಗೆ ಘಾಟು ಬಡಿದು ಸೀನು ಬಂದೀತೆಂದು ಮೆಣಸಿನಕಾಯಿಯನ್ನೆಲ್ಲ ಚೀಲಕ್ಕೆ ತುಂಬಿ ಹಿತ್ತಲಿಗೆ ಸಾಗಿಸಿದ್ದಾರೆ. ಹೆಂಗಸರು ಎರಡು ದಿನ ಕೆಲಸ ಬಿಟ್ಟು, ಹೊಸ ಸೀರೆ ಉಟ್ಟು ಸಾಲಾಗಿ ಕೂತಿದ್ದಾರೆ. ಎಲ್ಲರ ಅಂಗೈಯಲ್ಲೂ ಮೆಹಂದಿ! ಸುಲಿದ ಬೆರಳು ದೊಡ್ಡವರಿಗೆ ತೋರಿಸುವುದು ಸರಿಯಲ್ಲ ಎಂದು ಚಾಚಿಯೇ ಕೂತು ಎಲ್ಲರಿಗೂ ಹಚ್ಚಿದ್ದಳು. ಗೌಡ್ತಿಯ ಕೈಯಲ್ಲೂ ಹೂಬಳ್ಳಿ.

ಬಂದ ಹಿರಿಯರು ಮೈಸೂರು ಕಡೆಯವರು, ನಿವೃತ್ತ ಅಧಿಕಾರಿ, ಶುದ್ಧ ಬಿಳಿ ಅಂಗಿ. "ನಿಮ್ಮ ಕೈಗಳಿಗೆ ತೊಂದರೆ ಇದೆಯಂತಲ್ಲಮ್ಮ?" ಎಂದು ಕೇಳಿದರು.

"ಏನೂ ಇಲ್ರಿ ಸಾಹೇಬ್ರ. ನಿಮ್ಮ ಆಶೀರ್ವಾದ, ಎಲ್ಲಾರೂ ಆರಾಮ ಅದೀವ್ರಿ," ಎಂದಳು ಚಾಚಿ.

ನಾನು ಕಣ್ಣು ಕೆಂಪಗೆ ಮಾಡಿದೆ. ಅವಳು ನನಗೂ ಒಂದು ನಗೆ ಕೊಟ್ಟು ಹೋಳಿಗೆ ತರಲು ಒಳಗೆ ಹೋದಳು. ಹಿರಿಯರು ಕಡತದಲ್ಲಿ ಏನೋ ಬರೆದರು. ಕತ್ತು ಉದ್ದ ಮಾಡಿ ಓದಿದೆ: 'ಅಗತ್ಯ ಕಂಡುಬರುವುದಿಲ್ಲ.' ಜೊತೆಗೆ ಬಂದಿದ್ದ ಬೆಂಚಿನ ಸಾಹೇಬರು ನನ್ನ ಕಿವಿಯ ಹತ್ತಿರ, "ಬೆಂಚ ಹಾಕೂಣು ಅಂತ ನಾ ಮೊದಲ ಹೇಳಿದ್ದೆ," ಎಂದರು. ಆ ಕ್ಷಣಕ್ಕೆ ಅವರನ್ನು ಹಿತ್ತಲಿನ ಚೀಲದೊಳಗೆ ತುಂಬಿಬಿಡಬೇಕು ಅನಿಸಿತು. ಚೀಲ ಅನ್ನುತ್ತಲೇ ತಲೆಯಲ್ಲಿ ದೀಪ ಹತ್ತಿತು.

"ಸರ್, ಒಂದು ಫೋಟೋ ಬೇಕಲ್ಲ," ಎಂದೆ. ಸೇವಾ ಕ್ಲಬ್ಬಿನಲ್ಲಿ ಫೋಟೋಕ್ಕೆ ಬೇಡ ಎಂದವರನ್ನು ನಾನಿನ್ನೂ ಕಂಡಿಲ್ಲ. ಒಂದು ಚೀಲ ತರಿಸಿ ಅಂಗಳದಲ್ಲಿ ಸುರಿಸಿದೆ, ಹಿರಿಯರನ್ನು ಮಣೆಯ ಮೇಲೆ ಕೂರಿಸಿ ತೊಟ್ಟು ಬಿಡಿಸಲು ಹೇಳಿದೆ. ಬೆಳಕು ಸರಿಯಿಲ್ಲ ಎಂದೆ, ಆ ಕಡೆ ತಿರುಗಿ ಎಂದೆ, ಇನ್ನೂ ನಾಲ್ಕು ಬಿಡಿಸಿ, ಸಹಜವಾಗಿ ಬರಲಿ ಎಂದೆ. ಕಾಲು ಗಂಟೆ ಹೀಗೆಯೇ ಹೋಯಿತು. ಕಾರಿನಲ್ಲಿ ಬರುವಾಗ ಅವರು ಕನ್ನಡಕ ಎತ್ತಿ ಕಣ್ಣುಜ್ಜಿಕೊಳ್ಳುವುದನ್ನು ನಾನು ಎರಡು ಸಲ ನೋಡಿದ್ದೆ. ಮೂರನೆಯದಕ್ಕೆ ಕಾದೆ. ಇದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ನಾಚಿಕೆ, ಆದರೆ ತುಸು ಮಾತ್ರ.

ಉಜ್ಜಿದರು. ಕೂಗಿದರು. ಉರಿಯುತ್ತದೆಂದು ಅದೇ ಕೈಯಿಂದ ಮತ್ತೆ ಉಜ್ಜಿದರು. ಬಿಳಿ ಅಂಗಿಯ ಮೇಲೆ ಕಣ್ಣೀರು ಸುರಿಯಿತು. ಆಗ ಮಾತ್ರ ನನಗೆ ಅಯ್ಯೋ ಪಾಪ ಅನಿಸಿತು.

ಚಾಚಿ ತಂಬಿಗೆ ನೀರು ಹಿಡಿದು ಓಡಿಬಂದಳು. ಹತ್ತಿರ ಬಂದವಳು ಗಕ್ಕನೆ ನಿಂತು ತಂಬಿಗೆಯನ್ನು ಗೌಡ್ತಿಗೆ ಕೊಟ್ಟಳು. "ನೀವ ತೊಳೀರಿ ಅವ್ವಾರ. ಚೀಲದ ಬಾಯಿ ಬಿಚ್ಚೀನಿ, ನನ್ನ ಕೈ ಬ್ಯಾಡ." ಆಮೇಲೆ ನನ್ನ ಕಡೆ ತಿರುಗಿದಳು: "ಮನಿಗೆ ಬಂದಾವ್ರಿಗೆ ಹಿಂಗ ಮಾಡೂದೇನ್ರಿ ಅಕ್ಕಾರ? ನಿಮಗ ಗೊತ್ತಿರಲಿಲ್ಲೇನು?"

ಗದ್ದಲ ಕೇಳಿ ಮೊಮ್ಮಗಳು ಹೊರಗೆ ಬಂದಳು, ಮೂರು ವರ್ಷದ್ದು. ಫೋಟೋಕ್ಕೆಂದು ಸುರಿದ ರಾಶಿಯ ಕಡೆಗೇ ನಡೆದಳು. ಚಾಚಿ ಅಡ್ಡಹೋಗಿ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಮೊಣಕೈಯಿಂದ ಅವಳನ್ನು ಮೆಲ್ಲಗೆ ಹಿಂದೆ ತಳ್ಳಿದಳು. ಮಗು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ತಲೆ ತಗ್ಗಿಸಿತು. ಅತ್ತದ್ದೂ ಇಲ್ಲ, ಬೆದರಿದ್ದೂ ಇಲ್ಲ. ಅಭ್ಯಾಸವಾದವರು ಮಾಡುವ ಹಾಗೆ ಮಾಡಿತು.

ಹಿರಿಯರು ಉಳಿದ ಒಂದು ಕಣ್ಣಿನಿಂದ ಇದನ್ನು ನೋಡಿದರು. "ಆ ಮಗು ಯಾಕೆ ಹಾಗೆ ಮಾಡುತ್ತೆ?" ಎಂದು ಕೇಳಿದರು. ಚಾಚಿ ಏನೂ ಇಲ್ಲ ಎನ್ನುವ ಮೊದಲೇ ಸೊಸೆ ಎಲ್ಲವನ್ನೂ ಹೇಳಿದಳು. ಹಿರಿಯರು ಹೋಳಿಗೆ ತಿನ್ನಲಿಲ್ಲ, ಕೈ ಬಾಯಿಗೆ ತರಲು ಹೆದರಿಕೆ. ಕಡತ ತೆಗೆದು, ಬರೆದದ್ದನ್ನು ಹೊಡೆದುಹಾಕಿ, ಬೇರೆ ಬರೆದರು. ಹೋಗುವಾಗ ನನಗೊಂದು ಮಾತು: "ನೀವು ಬೆಳಕಿನ ಬಗ್ಗೆ ತುಂಬ ತಲೆ ಕೆಡಿಸಿಕೊಳ್ಳುತ್ತೀರಿ ಮೇಡಂ."

ಮರುವರ್ಷದ ಸುಗ್ಗಿಗೆ ಯಂತ್ರ ಬಂತು. ಇನ್ನೇನು ಬೇಕೆಂದು ಕೇಳಿದ್ದಕ್ಕೆ ಹೆಂಗಸರೆಲ್ಲ ಸೇರಿ, ಸರದಿ ಬರುವ ತನಕ ಕೂರಲು ಕೊಟ್ಟಿಗೆಯ ಮುಂದೆ ಒಂದು ಬೆಂಚು ಬೇಕು ಎಂದರು! ಬೆಂಚಿನ ಸಾಹೇಬರ ಮುಖ ಆ ದಿನ ನೋಡಬೇಕಿತ್ತು. ಬೆಂಚು ಹಾಕಿಸಿದೆವು. ನಾನು ಸತ್ಯಾಗ್ರಹ ಮಾಡಲಿಲ್ಲ.

ಚಾಚಿಯ ಬೆರಳು ವಾಸಿಯಾದವು, ಮೊಮ್ಮಗಳು ಮಾತ್ರ ನಂಬಲಿಲ್ಲ. ಅಜ್ಜಿ ಕೈ ಎತ್ತಿದರೆ ಮುಖ ಮುಚ್ಚಿಕೊಳ್ಳುವುದು ತಿಂಗಳುಗಟ್ಟಲೆ ನಡೆಯಿತು. "ಮಿಷನ್ನಿಗೆ ಹೇಳ್ರಿ, ಈಕಿಗೂ ಒಂದೀಟ ಬುದ್ಧಿ ಕಲಸಲಿ," ಎಂದು ಚಾಚಿ ನಗುತ್ತಿದ್ದಳು.

ಕೊನೆಯ ವರದಿ ಬರೆಯುವ ವಾರ ಅವಳು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಂಗಡಿಗೆ ಬಂದಳು. ಮುಲಾಮಿಗಲ್ಲ, ಮಗುವಿನ ನೆಗಡಿಗೆ. ನಾನು ಔಷಧ ಹುಡುಕುತ್ತಿದ್ದೆ. ಚಾಚಿ ಬಸ್ಸಿನ ಗದ್ದಲದ ಬಗ್ಗೆ ಏನೋ ದೂರುತ್ತ, ಮಾತಿನ ನಡುವೆಯೇ, ಬರಿಗೈಯಿಂದ ಮಗುವಿನ ಮೂಗು ಹಿಂಡಿ ಒರೆಸಿ ತನ್ನ ಸೆರಗಿಗೆ ತಿಕ್ಕಿಕೊಂಡಳು. ಮಗು ಬಿಸ್ಕಿಟು ತಿನ್ನುತ್ತಲೇ ಇತ್ತು. ಇಬ್ಬರಿಗೂ ಗೊತ್ತಾಗಲಿಲ್ಲ. ನಾನು ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

ವರದಿಯಲ್ಲಿ 'ಆದ ಬದಲಾವಣೆ' ಎಂಬ ಜಾಗದಲ್ಲಿ ಇದನ್ನೇ ಬರೆದೆ. ಜಿಲ್ಲಾ ಸಮಿತಿಯಿಂದ ತಿರುಗಿ ಬಂತು: ದಯವಿಟ್ಟು ಅಂಕಿಯಲ್ಲಿ ತಿಳಿಸಿ. ಅಷ್ಟನ್ನೂ ಹೊಡೆದುಹಾಕಿ 'ಒಂದು' ಎಂದು ಬರೆದು ಕಳಿಸಿದೆ. ಸಹಿ ಮಾಡಬೇಕಾದವರು ಅದೇ ಮೈಸೂರು ಕಡೆಯ ಹಿರಿಯರು. ಒಂದು ಎಂದರೆ ಏನು ಎಂದು ಅವರು ಕೇಳಲಿಲ್ಲ, ಸಹಿ ಮಾಡಿದರು.